ಒಳಗೋಡೆಗಳಿಗೆ ಬಣ್ಣ ಹೊಡೆಸುವ ಮೊದಲು ಮನೆಯನ್ನು ಹೇಗೆ ಅಣಿಗೊಳಿಸಬೇಕು?

ಹನುಮಂತನಗರದ ಗೃಹಿಣಿ, ಡಿಸೆಂಬರ್ 14

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು 1976ರಲ್ಲಿ ಹನುಮಂತನಗರದ 30×40 ಅಡಿ ನಿವೇಶನದಲ್ಲಿ ಕಟ್ಟಿಸಿದ ಮನೆಯಲ್ಲಿ ನಾವು ಐದು ಜನ ವಾಸವಾಗಿದ್ದೇವೆ. ಫೆಬ್ರುವರಿ ಕೊನೆಯ ವಾರದಲ್ಲಿ ಮಗಳ ನಿಶ್ಚಿತಾರ್ಥವನ್ನು ಮನೆಯಲ್ಲಿಯೇ ನಡೆಸಬೇಕೆಂದು ನಿಶ್ಚಯಿಸಿರುವುದರಿಂದ, ಅಷ್ಟರೊಳಗೆ ಒಳಗೋಡೆಗಳಿಗೆಲ್ಲ ಬಣ್ಣ ಹೊಡೆಸಲೇಬೇಕಾಗಿದೆ. ಕಳೆದ ಸಲ ಹೊಡೆಸಿ ಹದಿಮೂರು ವರ್ಷಗಳಾದವು. ನಡುಮನೆಯಲ್ಲಿಯೂ ಎರಡು ಕೋಣೆಗಳಲ್ಲಿಯೂ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಬೆರೆತ ನೀರಿನ ಬಣ್ಣ) ಇದೆ. ಅಡುಗೆಮನೆಯಲ್ಲಿ ಎದೆಯೆತ್ತರದವರೆಗೆ ಹಳೆಯ ಆಯಿಲ್ ಪೇಂಟ್ ಇದೆ. ಈ ಬಾರಿ ಎಲ್ಲ ಕಡೆಗೂ ಎಮಲ್ಷನ್ (ಒರೆಸಿ ತೊಳೆಯಬಹುದಾದ ನೀರಿನ ಬಣ್ಣ) ಹೊಡೆಸುವ ಯೋಚನೆ ನಮ್ಮದು.

ಮೂವರು ಪೇಂಟರುಗಳನ್ನು ಕರೆಸಿ ಕೇಳಿದೆವು. ಮೊದಲನೆಯವರು ಹಳೆಯದನ್ನೆಲ್ಲ ಕೆರೆದು ತೆಗೆಯದೆ ಕೆಲಸ ಮುಟ್ಟುವುದಿಲ್ಲ ಎಂದರು. ಎರಡನೆಯವರು ಕೆರೆಯುವ ಅಗತ್ಯವೇ ಇಲ್ಲ, ಅದರ ಮೇಲೆಯೇ ಪುಟ್ಟಿ (ಗೋಡೆಯನ್ನು ನುಣುಪಾಗಿಸುವ ಲೇಪ) ಎಳೆದು ಎಂಟು ದಿನಗಳಲ್ಲಿ ಮುಗಿಸಿಕೊಡುತ್ತೇವೆ ಎಂದರು. ಮೂರನೆಯವರು ಕೋಣೆಗಳ ಒಳಗೆ ಕಾಲಿಡದೆ, ನಡುಮನೆಯ ಕುರ್ಚಿಯಲ್ಲಿ ಕುಳಿತೇ ಚದರ ಅಡಿಗೆ ಇಷ್ಟೆಂದು ದರ ಹೇಳಿ ಹೊರಟುಹೋದರು.

ಇನ್ನೊಂದು ತೊಂದರೆಯಿದೆ. ಮಲಗುವ ಕೋಣೆಯಲ್ಲಿ ಬಚ್ಚಲಮನೆಗೆ ತಾಗಿದ ಗೋಡೆಯ ಮೇಲೆ, ನೆಲದಿಂದ ಸುಮಾರು ಎರಡು ಅಡಿಯವರೆಗೆ ಬಣ್ಣ ಚಕ್ಕೆ ಏಳುತ್ತಿದೆ. ಬೆರಳು ತಾಗಿದರೆ ಒಳಗಿನಿಂದ ಬಿಳಿಯ ಪುಡಿ ಉದುರುತ್ತದೆ. ಅದನ್ನು ನಾಲಿಗೆಗೆ ತಾಗಿಸಿ ನೋಡಿದ ನನ್ನ ಮಗ ಉಪ್ಪುಪ್ಪಾಗಿದೆ ಎಂದು ಹೇಳಿ ಬೈಸಿಕೊಂಡ. ಪೇಂಟರುಗಳಲ್ಲಿ ಒಬ್ಬರೂ ಇದರ ಬಗ್ಗೆ ಮಾತೆತ್ತಲಿಲ್ಲ. ನಾನೇ ತೋರಿಸಿದಾಗ, ವಾಟರ್‌ಪ್ರೂಫ್ ಪುಟ್ಟಿ ಹಾಕಿದರೆ ಸರಿಹೋಗುತ್ತದೆ ಎಂದರು.

ಧನುರ್ಮಾಸದಲ್ಲಿ ಬಣ್ಣದ ಕೆಲಸ ಬೇಡ, ಸಂಕ್ರಾಂತಿ ಕಳೆಯಲಿ ಎನ್ನುವುದು ನಮ್ಮ ಅತ್ತೆಯವರ ಮಾತು. ಅವರಿಗೆ 78 ವರ್ಷ, ಉಬ್ಬಸವೂ ಇದೆ. ಪುಸ್ತಕಗಳು ಒಂದೂವರೆ ಸಾವಿರಕ್ಕೆ ಕಡಿಮೆಯಿಲ್ಲ. ಎರಡು ಕಬ್ಬಿಣದ ಬೀರುಗಳಿವೆ. ದೇವರಮನೆ ಬೇರೆ ಇದೆ. ಕೆಲಸದವರು ಬರುವ ಮೊದಲು ನಾವು ಏನೇನು ಮಾಡಿಟ್ಟುಕೊಳ್ಳಬೇಕು, ಯಾವುದನ್ನು ಅವರಿಗೆ ಬಿಡಬೇಕು, ಮನೆಯಲ್ಲಿದ್ದುಕೊಂಡೇ ಇದನ್ನು ಮಾಡಿಸಲು ಸಾಧ್ಯವೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಸಿವಿಲ್ ಇಂಜಿನಿಯರ್, ಮಲ್ಲೇಶ್ವರ, ಡಿಸೆಂಬರ್ 14

ಸಾಮಾನುಗಳ ವಿಷಯವನ್ನು ಬೇರೆಯವರು ಹೇಳುತ್ತಾರೆ. ನಾನು ಆ ಎರಡು ಅಡಿ ಗೋಡೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಿಮ್ಮ ಇಡೀ ಕೆಲಸದ ದಿನಾಂಕಗಳನ್ನು ತೀರ್ಮಾನಿಸುವುದು ಅದೇ.

ನಿಮ್ಮ ಮಗನ ಪರೀಕ್ಷೆ ಸರಿಯಾಗಿಯೇ ಇದೆ, ವಿಧಾನ ಮಾತ್ರ ಬೇಡ. ಇಟ್ಟಿಗೆಯಲ್ಲಿಯೂ ಗಾರೆಯಲ್ಲಿಯೂ ಇರುವ ಲವಣಗಳು ನೀರಿನಲ್ಲಿ ಕರಗಿ ಗೋಡೆಯ ಮೈಗೆ ಬರುತ್ತವೆ. ನೀರು ಆರಿಹೋಗುತ್ತದೆ, ಲವಣ ಅಲ್ಲಿಯೇ ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಆದುದರಿಂದ ಚಕ್ಕೆ ಏಳುವುದು ಬಣ್ಣದ ದೋಷವಲ್ಲ, ಗೋಡೆಯೊಳಗೆ ನೀರು ನಡೆದಾಡುತ್ತಿದೆ ಎಂಬುದರ ಗುರುತು. ಅದರ ಮೇಲೆ ಒಳಬದಿಯಿಂದ ಯಾವ ಹೆಸರಿನ ಪುಟ್ಟಿಯನ್ನು ಬಳಿದರೂ, ನೀರು ಸ್ವಲ್ಪ ಮೇಲಕ್ಕೋ ಪಕ್ಕಕ್ಕೋ ದಾರಿ ಹುಡುಕಿಕೊಳ್ಳುತ್ತದೆ. ನಿಶ್ಚಿತಾರ್ಥಕ್ಕೆ ಗೋಡೆ ಚೆನ್ನಾಗಿಯೇ ಕಾಣಬಹುದು, ಆದರೆ ಮುಂದಿನ ಗೌರಿ ಹಬ್ಬದ ಹೊತ್ತಿಗೆ ಮತ್ತೆ ಚಕ್ಕೆ ಎದ್ದಿರುತ್ತದೆ.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಉದುರುವ ಭಾಗದ ಪಕ್ಕದಲ್ಲಿ, ಬಣ್ಣ ಇನ್ನೂ ಗಟ್ಟಿಯಾಗಿರುವ ಕಡೆ, ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪು ಹಾಕಿ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯದು. ಅನಂತರ ಮನೆಯ ಬೇರೆ ಗೋಡೆಗಳ ಬುಡವನ್ನು ನೋಡಿ. ಎಲ್ಲ ಕಡೆಗೂ ಇದೇ ಎತ್ತರಕ್ಕೆ ಚಕ್ಕೆ ಎದ್ದಿದ್ದರೆ ನೀರು ಪಾಯದಿಂದ ಏರುತ್ತಿದೆ ಎಂದು ತಿಳಿಯಬೇಕು, ಮತ್ತು ಅದರ ಚಿಕಿತ್ಸೆ ಬೇರೆ. ಬಚ್ಚಲಮನೆಯ ಗೋಡೆಯಲ್ಲಿ ಮಾತ್ರ ಇದ್ದರೆ, ಸೋರುವ ಪೈಪು ಅಥವಾ ಟೈಲ್ಸುಗಳ ನಡುವಿನ ಸಂದು ಕಾರಣವಾಗಿರುತ್ತದೆ. ನಿಮ್ಮ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಜಿ.ಐ. (ಸತುವಿನ ಲೇಪವಿರುವ ಕಬ್ಬಿಣದ) ಪೈಪುಗಳಿರುವುದು ಸಾಮಾನ್ಯ, ಅವು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಗೋಡೆ ವರ್ಷಗಟ್ಟಲೆ ನೆನೆಯುತ್ತಲೇ ಇರುತ್ತದೆ. ರಾತ್ರಿ ಎಲ್ಲ ನಲ್ಲಿಗಳನ್ನು ನಿಲ್ಲಿಸಿ, ತಾರಸಿಯ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟವನ್ನು ಅಳೆದಿಡಿ. ಯಾರೂ ನೀರು ಬಳಸದಿದ್ದರೂ ಬೆಳಗ್ಗೆ ಮಟ್ಟ ಇಳಿದಿದ್ದರೆ ಪ್ಲಂಬರನ್ನು ಕರೆಸುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಕಾರಣವನ್ನು ಸರಿಪಡಿಸಿದ ಮೇಲೆ, ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಹಳೆಯ ಗಾರೆಯನ್ನು ಇಟ್ಟಿಗೆ ಕಾಣುವಂತೆ ಕೆತ್ತಿಸಿ. ಹೊರಬಂದ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕೇ ಹೊರತು ನೀರು ಹಾಕಿ ತೊಳೆಯಬಾರದು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಹೋಗುತ್ತದೆ. ಇಟ್ಟಿಗೆ ಕೆಲವು ದಿನ ಗಾಳಿಗೆ ಒಣಗಲಿ, ಆಮೇಲೆ ಹೊಸ ಗಾರೆ ಮಾಡಿಸಿ. ಹೊಸ ಸಿಮೆಂಟು ಗಾರೆಗೆ ನೀರುಣಿಸುವುದಕ್ಕೂ ಅದು ಒಣಗುವುದಕ್ಕೂ ಸೇರಿ ಕನಿಷ್ಠ 28 ದಿನಗಳ ಕಾಲಾವಕಾಶ ಕೊಡಬೇಕು.

ಈಗ ಲೆಕ್ಕ ಹಾಕಿ ನೋಡಿ. ಡಿಸೆಂಬರ್ 28ರೊಳಗೆ ಗಾರೆ ಮುಗಿದರೆ ಜನವರಿ 25ಕ್ಕೆ ಆ ಗೋಡೆ ಬಣ್ಣಕ್ಕೆ ಸಿದ್ಧವಾಗುತ್ತದೆ. ಉಳಿದ ಕೋಣೆಗಳ ಕೆಲಸವನ್ನು ಸಂಕ್ರಾಂತಿಯ ಮರುದಿನ ಆರಂಭಿಸಿ ಈ ಗೋಡೆಯನ್ನು ಕೊನೆಗಿಟ್ಟುಕೊಂಡರೆ, ಫೆಬ್ರುವರಿ ಮೊದಲ ವಾರದಲ್ಲಿ ಎಲ್ಲವೂ ಮುಗಿದು, ವಾಸನೆ ಹೋಗಲು ಎರಡು ವಾರ ಉಳಿಯುತ್ತದೆ. ಬೆಂಗಳೂರಿನ ಹವೆಯಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳಷ್ಟು ಈ ಕೆಲಸಕ್ಕೆ ಒದಗುವ ಕಾಲ ಇನ್ನೊಂದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮಾಡಿಸಿದವರ ಕಷ್ಟವನ್ನು ನಾನು ಬಲ್ಲೆ. ನಿಮ್ಮ ಅತ್ತೆಯವರ ಮಾತು ಪಂಚಾಂಗಕ್ಕೆ ಮಾತ್ರವಲ್ಲ, ಸಿಮೆಂಟಿಗೂ ಒಪ್ಪುವಂತಿದೆ.

ಬಣ್ಣದ ಮೇಸ್ತ್ರಿ, ರಾಜಾಜಿನಗರ, ಡಿಸೆಂಬರ್ 15

ನಾನು 22 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಾನು ಹೇಳಿದ್ದನ್ನು ನನ್ನ ಮಗಳು ಇಲ್ಲಿ ಬರೆಯುತ್ತಿದ್ದಾಳೆ, ತಪ್ಪಿದ್ದರೆ ಮನ್ನಿಸಬೇಕು.

ಅಮ್ಮನವರೇ, ಕೆರೆಯಬೇಕೋ ಬೇಡವೋ ಎಂಬುದನ್ನು ಪೇಂಟರನ್ನು ಕೇಳಬೇಡಿ, ಗೋಡೆಯನ್ನು ಕೇಳಿ. ಅಂಗೈಯನ್ನು ಒತ್ತಿ ಉಜ್ಜಿದಾಗ ಕೈಗೆ ಸುಣ್ಣದಂತೆ ಪುಡಿ ಹತ್ತಿದರೆ ಆ ಡಿಸ್ಟೆಂಪರ್ ಸತ್ತಿದೆ ಎಂದರ್ಥ. ಅದರ ಮೇಲೆ ಎಳೆದ ಪುಟ್ಟಿ ಗೋಡೆಯನ್ನು ಹಿಡಿಯುವುದಿಲ್ಲ, ಪುಡಿಯನ್ನು ಹಿಡಿದಿರುತ್ತದೆ. ಒಂದು ದಿನ ಹಪ್ಪಳದಂತೆ ಎದ್ದು ಬರುತ್ತದೆ. ಹದಿಮೂರು ವರ್ಷದ ಡಿಸ್ಟೆಂಪರ್ ಎಂದ ಮೇಲೆ, ನೀರು ಚಿಮುಕಿಸಿ ನೆನೆಸಿ ಲೋಹದ ಪಟ್ಟಿಯಿಂದ ಪೂರ್ತಿ ಕೆರೆಯುವುದೇ ಸರಿ. ನೆನೆಸಿದರೆ ಧೂಳೂ ಏಳುವುದಿಲ್ಲ. ಅಡುಗೆಮನೆಯ ಆಯಿಲ್ ಪೇಂಟ್ ಗಟ್ಟಿಯಾಗಿದ್ದರೆ ಕೆರೆಯಬೇಕಾಗಿಲ್ಲ. ಆದರೆ ಒಲೆಯ ಹಿಂದಿನ ಜಿಡ್ಡನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಶುದ್ಧ ನೀರಿನಿಂದ ಒರೆಸಿ, ಒಣಗಿದ ಮೇಲೆ ಎಮರಿ ಕಾಗದದಿಂದ ಅದರ ಹೊಳಪು ಹೋಗುವವರೆಗೆ ಉಜ್ಜಲೇಬೇಕು. ಹೊಳಪಿನ ಮೇಲೆ, ಬಣ್ಣಕ್ಕೆ ಮೊದಲು ಹೊಡೆಯುವ ಯಾವ ಪ್ರೈಮರೂ ನಿಲ್ಲುವುದಿಲ್ಲ.

ದೇವರಮನೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳಿ, ಎರಡು ಮೂರು ದಿನಗಳಲ್ಲಿ ದೇವರನ್ನು ಮತ್ತೆ ಒಳಗೆ ಇಟ್ಟುಕೊಳ್ಳಬಹುದು. ಅಲ್ಲಿ ದೀಪದ ಮಸಿ ಸೂರಿಗೆ ಹತ್ತಿರುತ್ತದೆ. ಆ ಮಸಿಯನ್ನು ತೊಳೆಯದೆ ನೀರಿನ ಬಣ್ಣ ಹೊಡೆದರೆ, ಮೂರು ಕೋಟು ಹೊಡೆದರೂ ಹಳದಿ ಕಲೆ ಮೇಲಕ್ಕೆ ಬರುತ್ತದೆ. ಸೋಪಿನ ನೀರಿನಿಂದ ಒರೆಸಿ, ಕಲೆಯಿದ್ದ ಕಡೆ ಆಯಿಲ್ ಪ್ರೈಮರ್ ಒಂದು ಕೈ ಹೊಡೆಸಿ.

ದರ ಹೇಳುವವರು ಗೋಡೆಯ ಅಳತೆಗೆ ಹೇಳುತ್ತಿದ್ದಾರೋ ನೆಲದ ಅಳತೆಗೆ ಹೇಳುತ್ತಿದ್ದಾರೋ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಗೋಡೆ, ಸೂರು ಎರಡೂ ಸೇರಿದರೆ ನೆಲದ ಮೂರರಿಂದ ಮೂರೂವರೆ ಪಟ್ಟು ಆಗುತ್ತದೆ ಎಂದು ನಾವು ಅಂದಾಜು ಹಾಕುತ್ತೇವೆ. ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ. ಪುಟ್ಟಿ ಎಷ್ಟು ಕೈ, ಪ್ರೈಮರ್ ಯಾವುದು, ಬಣ್ಣ ಎಷ್ಟು ಕೋಟು, ಡಬ್ಬಿಯ ಮೇಲಿನ ಪೂರ್ತಿ ಹೆಸರೇನು ಎಂಬುದೂ ಬರಹದಲ್ಲಿರಲಿ. ಸೀಲು ಒಡೆಯುವಾಗ ಮನೆಯವರು ಎದುರಿಗಿರಲಿ. ಒಳ್ಳೆಯ ಕೆಲಸಗಾರನಿಗೆ ಅದರಿಂದ ಬೇಸರವಾಗುವುದಿಲ್ಲ. ಪುಟ್ಟಿ ದಪ್ಪವಾದಷ್ಟು ಒಳ್ಳೆಯದೆಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಎರಡು ಕೈ ಸೇರಿ ಒಂದೂವರೆ ಮಿಲಿಮೀಟರು ದಾಟಿದರೆ ಬಿರುಕು ಬಿಡುತ್ತದೆ. ಗೋಡೆ ಅಷ್ಟೊಂದು ಹಳ್ಳ ದಿಣ್ಣೆಯಾಗಿದ್ದರೆ ಅದು ಗಾರೆಯವರ ಕೆಲಸ, ನಮ್ಮದಲ್ಲ.

ನೀವು ಮಾಡಿಡಬೇಕಾದದ್ದು ಇಷ್ಟು. ಮೊಳೆ, ಕ್ಯಾಲೆಂಡರು, ಫೋಟೋ, ಕರ್ಟನ್ ರಾಡುಗಳನ್ನು ತೆಗೆದಿಡಿ. ಬೇಡದ ಮೊಳೆಗಳನ್ನು ಈಗಲೇ ಕಿತ್ತರೆ ತೂತನ್ನು ನಾವು ಪುಟ್ಟಿಯಲ್ಲಿಯೇ ಮುಚ್ಚುತ್ತೇವೆ. ಬಣ್ಣ ಮುಗಿದ ಮೇಲೆ ಕಿತ್ತರೆ ಆ ತೇಪೆ ಕಣ್ಣಿಗೆ ಹೊಡೆಯುತ್ತದೆ. ಗೋಡೆಯಿಂದ ಮೂರು ಅಡಿ ಬಿಟ್ಟು ಸಾಮಾನುಗಳನ್ನು ಕೋಣೆಯ ನಡುವೆ ಸೇರಿಸಿ. ಬೀರುವನ್ನು ಖಾಲಿ ಮಾಡದೆ ಎಳೆಯಬೇಡಿ, ನೆಲವೂ ಹಾಳು, ನಡುವೂ ಹಾಳು. ಸ್ವಿಚ್ ಬೋರ್ಡಿನ ಮುಚ್ಚಳಗಳನ್ನು ಎಂ.ಸಿ.ಬಿ. (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿಯೇ ಬಿಚ್ಚಬೇಕು, ನಮ್ಮ ಹುಡುಗರು ಅವಸರದಲ್ಲಿ ಹಾಗೆಯೇ ಕೈಹಾಕುತ್ತಾರೆ, ಆ ದಿನ ಮನೆಯವರು ಒಂದು ಕಣ್ಣಿಟ್ಟಿರಬೇಕು. ಗೋಡೆಯನ್ನು ಹಿಂದಿನ ದಿನ ತೊಳೆದಿಡಬೇಡಿ. ಧೂಳು ಮತ್ತು ಜೇಡರ ಬಲೆ ತೆಗೆದರೆ ಸಾಕು.

ವಿಜಯನಗರದಿಂದ ಒಬ್ಬರು, ಡಿಸೆಂಬರ್ 15

ಕಳೆದ ವರ್ಷ ನಾವು ಮನೆಯಲ್ಲಿದ್ದುಕೊಂಡೇ ಮಾಡಿಸಿದೆವು. ಸಾಧ್ಯವಿದೆ, ಆದರೆ ನಿಮ್ಮ ಅತ್ತೆಯವರನ್ನು ಕೆರೆಯುವ ಮತ್ತು ಉಜ್ಜುವ ದಿನಗಳಲ್ಲಿ ಮಾತ್ರ ಯಾರದಾದರೂ ಮನೆಗೆ ಕಳುಹಿಸಿಕೊಡಿ. ಉಬ್ಬಸದವರನ್ನು ಕಾಡುವುದು ಬಣ್ಣದ ವಾಸನೆಯೊಂದೇ ಅಲ್ಲ. ಒಣಗಿದ ಪುಟ್ಟಿಯನ್ನು ಎಮರಿ ಕಾಗದದಿಂದ ತಿಕ್ಕುವಾಗ ಏಳುವ ಹಿಟ್ಟಿನಂಥ ಧೂಳು ಅದಕ್ಕಿಂತ ಕೆಟ್ಟದ್ದು. ಬಾಗಿಲು ಮುಚ್ಚಿದರೂ ಅದು ಕೆಳಗಿನ ಸಂದಿನಿಂದ ಹಾದು ಬರುತ್ತದೆ. ಒದ್ದೆ ಬಟ್ಟೆಯನ್ನು ಸುರುಳಿ ಮಾಡಿ ಹೊಸ್ತಿಲಿಗೆ ಇಟ್ಟರೆ ಸ್ವಲ್ಪ ತಡೆಯುತ್ತದೆ.

ಪುಸ್ತಕಗಳ ವಿಷಯದಲ್ಲಿ ನನ್ನ ತಪ್ಪನ್ನು ನೀವು ಮಾಡಬೇಡಿ. ಕಪಾಟುಗಳ ಮೇಲೆ ಹಳೆಯ ಬೆಡ್‌ಶೀಟುಗಳನ್ನು ಎರಡು ಪದರ ಹೊದಿಸಿ ನಾನು ನಿಶ್ಚಿಂತಳಾಗಿದ್ದೆ. ಕೆಲಸ ಮುಗಿದ ಮೇಲೆ ಒಂದು ಪುಸ್ತಕವನ್ನು ಹೊರಗೆಳೆದರೆ, ಮೇಲಂಚಿನ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿಯ ಪದರ ಕುಳಿತಿತ್ತು. ತೆರೆದಾಗ ಅದು ಹಾಳೆಗಳ ನಡುವೆ ಇಳಿಯಿತು. ಒಂದು ತಿಂಗಳು ಪ್ರತಿ ರಾತ್ರಿ ಹತ್ತು ಪುಸ್ತಕಗಳಂತೆ ಶೇವಿಂಗ್ ಬ್ರಷ್ಷಿನಿಂದ ಒರೆಸಿದ್ದೇನೆ. ಬಟ್ಟೆ ಧೂಳನ್ನು ತಡೆಯುವುದಿಲ್ಲ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಟೇಪು ಹಾಕಿ. ಕಪಾಟಿನಲ್ಲಿಯೇ ಬಿಡುವುದಾದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳಿಗೆಲ್ಲ ಟೇಪು ಅಂಟಿಸಿ. ಟಿ.ವಿ., ಫ್ರಿಜ್ಜಿನ ಹಿಂಭಾಗ, ಫ್ಯಾನುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಚಾಲೂ ಇರುವ ಫ್ರಿಜ್ಜಿಗೆ ಪ್ಲಾಸ್ಟಿಕ್ ಸುತ್ತಬಾರದು.

ಎರಡನೆಯ ಪಾಠವನ್ನು ಕಲಿಸಿದ್ದು ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ. ಸಂಜೆ ಬ್ರಷ್ಷು, ಬಕೆಟ್ಟುಗಳನ್ನು ತೊಳೆಯಲು ಕೆಲಸದ ಹುಡುಗನಿಗೆ ಯಾರೂ ಜಾಗ ತೋರಿಸಿರಲಿಲ್ಲ. ಅವನು ಸಂಪಿನ ಮುಚ್ಚಳದ ಪಕ್ಕದಲ್ಲಿಯೇ ಕುಳಿತು ತೊಳೆದಿದ್ದಾನೆ, ಮುಚ್ಚಳ ಅರ್ಧ ಸರಿದಿತ್ತು. ಮರುದಿನ ನಲ್ಲಿಯಲ್ಲಿ ಮಜ್ಜಿಗೆಯ ಬಣ್ಣದ ನೀರು ಬಂದಿತು. ಸಂಪು, ಟ್ಯಾಂಕು ಎರಡನ್ನೂ ಖಾಲಿ ಮಾಡಿ ತೊಳೆಸಬೇಕಾಯಿತು, ಅದೂ ಕಾವೇರಿ ನೀರು ಬಾರದ ದಿನ. ಆದುದರಿಂದ ಮೊದಲ ದಿನವೇ ತೊಳೆಯುವ ಜಾಗವನ್ನು ಬೆರಳಿಟ್ಟು ತೋರಿಸಿ. ಮಳೆನೀರು ಇಂಗುವ ಗುಂಡಿಗೂ ಆ ನೀರು ಹೋಗಬಾರದು.

ಇನ್ನು ಕಿಟಕಿಗಳ ಬಗ್ಗೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. 1976ರ ಮನೆಯ ಕಿಟಕಿ, ಗ್ರಿಲ್ಲು, ಬಾಗಿಲುಗಳ ಮೇಲಿರುವ ಎನಾಮೆಲ್ ಪದರಗಳಲ್ಲಿ ಸೀಸವಿರುವ ಸಾಧ್ಯತೆ ಬಹಳ. ಅವುಗಳನ್ನು ಒಣಗಿರುವಾಗ ಉಜ್ಜಬಾರದು, ಬೆಂಕಿಯಲ್ಲಿ ಸುಟ್ಟು ತೆಗೆಯಲೂಬಾರದು. ನೀರು ಹಚ್ಚಿಕೊಂಡು ಉಜ್ಜಲು ಹೇಳಿ, ಉದುರಿದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಬಿಸಾಡಿ. ಕೆಲಸದವರಿಗೆ ಎನ್95 ಮಾಸ್ಕುಗಳನ್ನು ನಾವೇ ತಂದುಕೊಟ್ಟಿದ್ದೆವು. ಮೊದಲು ನಕ್ಕರು, ಆಮೇಲೆ ಇನ್ನೆರಡು ಕೇಳಿ ಪಡೆದರು. ಚಿಕ್ಕ ಮಕ್ಕಳೋ ಬಸುರಿಯರೋ ಮನೆಯಲ್ಲಿದ್ದರೆ ಕಿಟಕಿ, ಬಾಗಿಲು ಉಜ್ಜುವ ದಿನಗಳಲ್ಲಿ ಅಲ್ಲಿರಲೇಬಾರದು.

ಹನುಮಂತನಗರದ ಗೃಹಿಣಿ, ಡಿಸೆಂಬರ್ 18

ಎಲ್ಲರಿಗೂ ತುಂಬ ಕೃತಜ್ಞತೆಗಳು. ಇಂಜಿನಿಯರ್ ಸರ್, ಹಾಳೆಯನ್ನು ಅಂಟಿಸಿದ ಮರುದಿನ ಬೆಳಗ್ಗೆಯೇ ಒಳಮೈ ತುಂಬ ಸಾಸಿವೆಕಾಳಿನಂಥ ಹನಿಗಳಿದ್ದವು. ಬೇರೆ ಗೋಡೆಗಳ ಬುಡ ಒಣಗಿಯೇ ಇದೆ. ಟ್ಯಾಂಕಿನಲ್ಲಿ ರಾತ್ರಿ ಕಳೆಯುವುದರೊಳಗೆ ಒಂದು ಅಂಗುಲದಷ್ಟು ನೀರು ಇಳಿದಿತ್ತು. ಇಂದು ಪ್ಲಂಬರ್ ಬಂದು ಬಚ್ಚಲಮನೆಯ ಕಡೆಯಿಂದ ಒಡೆದು ನೋಡಿದರು: ಬಿಸಿನೀರಿನ ಪೈಪಿನ ಬಾಗು ತುಕ್ಕು ಹಿಡಿದು, ಒತ್ತಿದರೆ ಬಿಸ್ಕತ್ತಿನಂತೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ಪೂರ್ತಿ ಹೊಸ ಪೈಪು ಹಾಕಿಸುತ್ತಿದ್ದೇವೆ. ಗಾರೆಯವರು 26ಕ್ಕೆ ಬರಲು ಒಪ್ಪಿದ್ದಾರೆ. ಅಂಗೈ ಪರೀಕ್ಷೆಯಲ್ಲಿ ನಡುಮನೆಯ ಗೋಡೆ ನನ್ನ ಕೈಯನ್ನು ಪೂರ್ತಿ ಬೆಳ್ಳಗೆ ಮಾಡಿದ್ದರಿಂದ, ಕೆರೆಯಲೇಬೇಕು ಎಂದ ಮೊದಲನೆಯ ಪೇಂಟರನ್ನೇ ಗೊತ್ತುಮಾಡಿದ್ದೇವೆ. ಅತ್ತೆಯವರು ಸಂಕ್ರಾಂತಿಯ ಎಳ್ಳು ಬೀರಿ ಮುಗಿಸಿ ಮೈಸೂರಿನ ನಾದಿನಿಯ ಮನೆಗೆ ಹೋಗುತ್ತಾರೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ನಡುಮನೆಯಲ್ಲಿ ಮಾವನವರ ಕಾಲದ ರೆಡ್ ಆಕ್ಸೈಡ್ ನೆಲವಿದೆ. ಐವತ್ತು ವರ್ಷಗಳ ಒರೆಸುವಿಕೆಯಿಂದ ಕನ್ನಡಿಯಂತಾಗಿರುವ ಅದರ ಮೇಲೆ ಪುಟ್ಟಿ ಬಿದ್ದರೆ ಏನು ಮಾಡಬೇಕು? ಪೇಪರು ಹಾಸಿದರೆ ಸಾಕೇ?

ಬಣ್ಣದ ಮೇಸ್ತ್ರಿ, ರಾಜಾಜಿನಗರ, ಡಿಸೆಂಬರ್ 18

ಪೇಪರು ಬೇಡ ಅಮ್ಮನವರೇ. ನೆನೆದ ಪೇಪರು ನೆಲಕ್ಕೆ ಅಂಟಿಕೊಂಡು ಶಾಯಿ ಬಿಡುತ್ತದೆ. ಫ್ರಿಜ್, ಟಿ.ವಿ. ಬಂದ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಅಂಗಡಿಯವರಿಂದ ತಂದು ಬಿಚ್ಚಿ ಹಾಸಿ, ರಟ್ಟಿನಿಂದ ರಟ್ಟಿಗೆ ಟೇಪು ಹಾಕಿ. ನೆಲಕ್ಕೆ ಟೇಪು ಅಂಟಿಸಬೇಡಿ, ಕೀಳುವಾಗ ಹೊಳಪೂ ಏಳುತ್ತದೆ. ರಟ್ಟಿನ ಮೇಲೆ ಟಾರ್ಪಾಲು ಹಾಸಿ. ಏಣಿಯ ಕಾಲುಗಳಿಗೆ ಗೋಣಿಚೀಲ ಸುತ್ತಿಸಿ. ಬಿದ್ದ ಪುಟ್ಟಿಯನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ತೆಗೆದರೆ ಕಲೆ ನಿಲ್ಲುವುದಿಲ್ಲ. ಒಣಗಿ ಹೋಗಿದ್ದರೆ ನೆನೆಸಿ, ಮರದ ಚಕ್ಕೆಯಿಂದ ನಿಧಾನವಾಗಿ ಎಬ್ಬಿಸಿ.

ಕೊನೆಯ ದಿನ ನೆಲ ತೊಳೆಯಲೆಂದು ನಮ್ಮ ಹುಡುಗರು ಆಸಿಡ್ ಬಾಟಲಿ ತೆಗೆಯುತ್ತಾರೆ. ಅದನ್ನು ಒಳಗೆ ಬಿಡಲೇಬೇಡಿ, ರೆಡ್ ಆಕ್ಸೈಡ್ ಎಂದರೆ ಸಿಮೆಂಟೇ, ಆಸಿಡ್ ಅದನ್ನು ತಿಂದುಬಿಡುತ್ತದೆ. ಬರಿಯ ನೀರಿನಿಂದ ಎರಡು ಸಲ ಒರೆಸಿ, ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಉಜ್ಜಿಸಿ. ನಿಶ್ಚಿತಾರ್ಥದ ಹಿಂದಿನ ದಿನ ಮಾತ್ರ ಎಣ್ಣೆ ಬೇಡ, ಬಂದವರು ಜಾರುತ್ತಾರೆ.